ಆಸ್ಪತ್ರೆ ಅಂಗಳಕ್ಕೆ ಬೀದಿ ನಾಟಕ ಬಂತು, ವಾರ್ಡಿಗೆ ಕಲಾವಿದರು ಬರಲಿಲ್ಲ

2025ರ ಜೂನ್ ಕೊನೆ, ಜುಲೈ ಮೊದಲ ವಾರಗಳನ್ನು ಹಾಸನ ಜಿಲ್ಲೆಯವರು ಅಷ್ಟು ಬೇಗ ಮರೆಯಲಾರರು. ದಿನ ಬೆಳಗಾದರೆ ಹೃದಯಾಘಾತದ ಸಾವಿನ ಸುದ್ದಿ. ಸತ್ತವರಲ್ಲಿ ಎಳೆ ವಯಸ್ಸಿನವರೂ ಇದ್ದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಫೋಟೊ, ಅದರ ಕೆಳಗೆ ಸಾಲು ಸಾಲು 'ಓಂ ಶಾಂತಿ', ಅದರ ಬೆನ್ನಿಗೇ ಎಲ್ಲಿಂದಲೋ ಬಂದ ಫಾರ್ವರ್ಡ್. ಎದೆ ಕೊಂಚ ಹಿಡಿದಂತಾದರೂ ಸಾಕು, ಜನ ಇಸಿಜಿ ಮಾಡಿಸಲು ಓಡಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ ಸಾವುಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು.

ವರದಿಯ ಕೆಲಸ ಅಲ್ಲಿಗೆ ಮುಗಿಯಿತು. ಭಯ ಮಾತ್ರ ಮನೆಯಲ್ಲೇ ಉಳಿಯಿತು. ರಾತ್ರಿ ಗಂಡನ ಗೊರಕೆ ನಿಂತರೆ ಎದ್ದು ಕೂತು ಉಸಿರು ನೋಡುವ ಹೆಂಡತಿಯ ಭಯಕ್ಕೆ ಯಾವ ಓಪಿಡಿಯಲ್ಲೂ ಚೀಟಿ ಕೊಡುವುದಿಲ್ಲ. ಆ ಭಯವನ್ನು ಕೂತು ಕೇಳಿಸಿಕೊಳ್ಳುವ, ಅದನ್ನು ಹತ್ತು ಜನರ ನಡುವೆ ಬಾಯಿಬಿಟ್ಟು ಹೇಳುವಂತೆ ಮಾಡುವ ಜನ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಇಲ್ಲ. ಅಂಥ ಕೆಲಸ ಬಲ್ಲವರು ಊರಿನಲ್ಲಿದ್ದಾರೆ. ಅವರು ಕಲಾವಿದರು. ಅವರಿಗೆ ನಾವು ಕೊಟ್ಟಿರುವ ಕೆಲಸವೇ ಬೇರೆ.

ತಾಲ್ಲೂಕು ಆಸ್ಪತ್ರೆ ಅಂಗಳದಲ್ಲಿ ಬೀದಿ ನಾಟಕ ನೋಡಿದವರಿಗೆ ಆ ಕೆಲಸ ಏನೆಂದು ಗೊತ್ತು. ಇಲಾಖೆಯ ಬ್ಯಾನರ್ ಕಟ್ಟುತ್ತಾರೆ. ತಮಟೆ, ಹಾರ್ಮೋನಿಯಂ, ಕುತ್ತಿಗೆಗೆ ಒಂದೇ ಬಣ್ಣದ ಶಾಲು. ಡೆಂಗಿ, ಕ್ಷಯ, ಬಾಲ್ಯವಿವಾಹ, ಕುಟುಂಬ ಯೋಜನೆ, ಯಾವ ತಿಂಗಳು ಯಾವ ವಿಷಯ ಎಂದು ಮೊದಲೇ ಆದೇಶವಾಗಿರುತ್ತದೆ. ಕುಡುಕ ಗಂಡ ಬರುತ್ತಾನೆ, ಬೀಳುತ್ತಾನೆ, ಆಶಾ ಕಾರ್ಯಕರ್ತೆ ಬಂದು ಬುದ್ಧಿ ಹೇಳುತ್ತಾಳೆ, ಹಾಡು ಮುಗಿಯುತ್ತದೆ. ಬಿಲ್ಲಿಗೆ ಲಗತ್ತಿಸಲು ಫೋಟೊ, ವೈದ್ಯಾಧಿಕಾರಿಯ ಸಹಿ, ಮೊಹರು. ತಂಡ ಮುಂದಿನ ಊರಿಗೆ ಹೊರಡುತ್ತದೆ. ಹತ್ತೇ ಹೆಜ್ಜೆ ಆಚೆ ವಾರ್ಡಿನಲ್ಲಿ ಮಲಗಿದ್ದವರಿಗೆ ಕಿಟಕಿಯಿಂದ ತಮಟೆಯ ಸದ್ದು ಕೇಳಿಸಿರುತ್ತದೆ, ಅಷ್ಟೇ.

ಇದನ್ನು ಹಗುರವಾಗಿ ನೋಡಬಾರದು. 'ಸಮುದಾಯ' ರಂಗತಂಡದ ಜಾಥಾಗಳು, ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು, ಏಡ್ಸ್ ಬಗ್ಗೆ ಬಾಯಿಬಿಡಲು ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ ಊರೂರು ತಿರುಗಿದ ಜಾನಪದ ತಂಡಗಳು, ಇವರಿಂದ ಈ ನಾಡಿಗೆ ದೊಡ್ಡ ಉಪಕಾರವಾಗಿದೆ. ಆದರೆ ಕಾಲಕ್ರಮದಲ್ಲಿ ಆರೋಗ್ಯ ಇಲಾಖೆಯ ಕಣ್ಣಲ್ಲಿ ಕಲಾವಿದ ಎಂದರೆ ಸಂದೇಶ ಹೊತ್ತೊಯ್ಯುವ ಮೈಕು ಎಂದಾಗಿಬಿಟ್ಟಿತು. ಹೇಳಬೇಕಾದ ಮಾತು ಮೇಲಿನಿಂದ ಬರುತ್ತದೆ, ರಾಗ ಮಾತ್ರ ಕಲಾವಿದನದು. ರೋಗಿಗೆ ಹೇಳಲು ಏನಿದೆ ಎಂದು ಕೇಳುವ ಏರ್ಪಾಡು ಅದರಲ್ಲಿಲ್ಲ.

ಜಗತ್ತಿನ ಬೇರೆ ಕಡೆ ಈ ಕೆಲಸ ಬೇರೆ ದಾರಿ ಹಿಡಿದು ಐವತ್ತು ವರ್ಷವಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪೀಟರ್ ಸೀನಿಯರ್ ಎಂಬ ಕಲಾವಿದ 1973ರಲ್ಲಿ ಆಸ್ಪತ್ರೆಯೊಳಗೆ ಚಿತ್ರಗಳನ್ನು ತೂಗುಹಾಕುವುದರಿಂದ ಶುರುಮಾಡಿದ ಪ್ರಯತ್ನ, ಕಲಾವಿದರು ವಾರ್ಡಿನಲ್ಲೇ ಇದ್ದು ಕೆಲಸ ಮಾಡುವ ಯೋಜನೆಯಾಗಿ ಬೆಳೆಯಿತು. ಅಷ್ಟು ದೂರ ಹೋಗುವುದೇ ಬೇಡ. ಕೊಚ್ಚಿ ಬಿನಾಲೆ ಎಂಬ ಕಲಾಮೇಳ ನಡೆಸುವ ಪ್ರತಿಷ್ಠಾನ 2014ರಲ್ಲಿ ಎರ್ನಾಕುಳಂನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 'ಆರ್ಟ್ಸ್ ಅಂಡ್ ಮೆಡಿಸಿನ್' ಎಂಬ ಕಾರ್ಯಕ್ರಮ ಆರಂಭಿಸಿತು. ಬುಧವಾರ ಬಂತೆಂದರೆ ರೋಗಿಗಳಿಗೂ ಜೊತೆಗಿರುವವರಿಗೂ ಹಾಡು. ಮುಂಬೈಯ ಧಾರಾವಿಯಲ್ಲಿ ಸ್ನೇಹಾ ಎಂಬ ಸ್ವಯಂಸೇವಾ ಸಂಸ್ಥೆ 2015ರಲ್ಲಿ ನಡೆಸಿದ ಧಾರಾವಿ ಬಿನಾಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ನಿವಾಸಿಗಳು ಕಲಾವಿದರ ಜೊತೆ ಕೂತು ತಮ್ಮ ಆರೋಗ್ಯದ ಕಥೆಯನ್ನು ತಾವೇ ಕಲಾಕೃತಿಯಾಗಿ ಮಾಡಿದರು. ಹಾಡು ಕೇಳಿಸುವುದು ಒಳ್ಳೆಯದೇ, ಆದರೆ ರೋಗಿಯ ಕೈಯಿಂದ, ಬಾಯಿಂದ ಏನಾದರೂ ಹೊರಬರುವುದು ಅದಕ್ಕಿಂತ ದೊಡ್ಡದು. ನಾನು ಕಲಾವಿದರು ವಾರ್ಡಿಗೆ ಬರಲಿ ಎನ್ನುವುದು ಈ ಎರಡನೆಯದಕ್ಕಾಗಿ.

ಇದರಿಂದ ಪ್ರಯೋಜನವಿದೆ ಎನ್ನಲು ಆಧಾರ ಏನು? ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ರೋಗ ತಡೆಯುವುದರಿಂದ ಹಿಡಿದು ಕೊನೆಗಾಲದ ಆರೈಕೆಯವರೆಗೆ ಕಲೆಗೆ ಪಾತ್ರವಿದೆ ಎಂದು ಹೇಳಿತು. ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಸಂಗೀತ ಕೇಳಿಸಿದ 73 ಪ್ರಯೋಗಗಳ ವಿಶ್ಲೇಷಣೆ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋವು, ಆತಂಕ, ನೋವಿನ ಮಾತ್ರೆಯ ಬಳಕೆ ಮೂರೂ ಕಡಿಮೆಯಾಗಿದ್ದವು. ಈ ಕ್ಷೇತ್ರದ ಅಧ್ಯಯನಗಳೆಲ್ಲ ಒಂದೇ ಗುಣಮಟ್ಟದವಲ್ಲ, ಎಷ್ಟೋ ತೀರಾ ಚಿಕ್ಕವು. ಮಾತ್ರೆಯಲ್ಲಾದರೆ ಯಾರಿಗೆ ನಿಜವಾದ ಔಷಧ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂಬುದನ್ನು ಮುಚ್ಚಿಡಬಹುದು. ಹಾಡನ್ನು ಹಾಗೆ ಮುಚ್ಚಿಡಲಾಗುವುದಿಲ್ಲ. ಅದಕ್ಕೇ, ಹಾಡಿನಿಂದ ಕ್ಯಾನ್ಸರ್ ವಾಸಿಯಾಗುತ್ತದೆ, ರಾಗದಿಂದ ಶುಗರ್ ಇಳಿಯುತ್ತದೆ ಎನ್ನುವವರು ಕಂಡರೆ ಅವರನ್ನು ಆಸ್ಪತ್ರೆಯಿಂದ ದೂರ ಇಡಬೇಕು.

ನನ್ನನ್ನು ಹೆಚ್ಚು ಹಿಡಿದದ್ದು ಬಾಣಂತಿಯರ ಮೇಲಿನ ಒಂದು ಅಧ್ಯಯನ. ಲಂಡನ್ನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದು. ಹೆರಿಗೆಯ ನಂತರ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಹತ್ತು ವಾರ ಕೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು ಒಟ್ಟಿಗೆ ಹಾಡಿತು, ಇನ್ನೊಂದು ಕೂಸುಗಳ ಜೊತೆ ಆಟವಾಡಿತು, ಮೂರನೆಯದಕ್ಕೆ ಮಾಮೂಲಿ ಆರೈಕೆ. ಕೊನೆಗೆ ಮೂರೂ ಗುಂಪಿನವರು ಸುಧಾರಿಸಿದರು. ಆದರೆ ಲಕ್ಷಣ ತೀವ್ರವಾಗಿದ್ದವರಲ್ಲಿ, ಮಾಮೂಲಿ ಆರೈಕೆ ಪಡೆದವರಿಗಿಂತ ಹಾಡಿದವರು ಬೇಗ ಚೇತರಿಸಿಕೊಂಡರು. ಹಸುಗೂಸಿನ ಮೊದಲ ತಿಂಗಳುಗಳಲ್ಲಿ 'ಬೇಗ' ಎನ್ನುವುದು ಸಣ್ಣ ಮಾತಲ್ಲ.

ನಮ್ಮ ಕಡೆ ಬಾಣಂತಿ ವಾರ್ಡು ಹೇಗಿರುತ್ತದೆ ನೋಡಿ. ಮಗು ಹೆಣ್ಣಾದರೆ ಗಂಡನ ಮನೆಯವರ ಮುಖ ಒಂದು ಥರ. ಹಾಲು ಬರುತ್ತಿಲ್ಲ ಎಂದರೆ ತಪ್ಪು ಇವಳದೇ. ಸುಮ್ಮನೆ ಕಣ್ಣಲ್ಲಿ ನೀರು ಬಂದರೆ 'ಬಾಣಂತಿ ಅಳಬಾರದು, ಶೀತ ಆಗುತ್ತೆ' ಎಂದು ಬಾಯಿ ಮುಚ್ಚಿಸುತ್ತಾರೆ. ಸಿಸ್ಟರ್‌ಗೆ ಬಿಪಿ ನೋಡುವಷ್ಟರಲ್ಲಿ ಮುಂದಿನ ಹಾಸಿಗೆಯಿಂದ ಕರೆ. ಇಂಥ ವಾರ್ಡಿಗೆ ಹೊಳೆನರಸೀಪುರದ್ದೋ ಆಲೂರಿನದ್ದೋ ಒಬ್ಬ ಸೋಬಾನೆ ಹಾಡುಗಾರ್ತಿ ವಾರಕ್ಕೆರಡು ದಿನ ಬಂದು ಕೂರಲಿ. ಅವಳೊಬ್ಬಳೇ ಹಾಡಬೇಕಿಲ್ಲ. 'ನಿಮ್ಮೂರಲ್ಲಿ ತೊಟ್ಟಿಲು ಶಾಸ್ತ್ರಕ್ಕೆ ಏನು ಹೇಳ್ತೀರವ್ವಾ?' ಎಂದು ಕೇಳಿದರೆ ಸಾಕು. ಜೊತೆಗೆ ಬಂದ ಅಜ್ಜಿ ಒಂದು ಸೊಲ್ಲು ಹೇಳುತ್ತಾಳೆ, ಪಕ್ಕದ ಹಾಸಿಗೆಯವಳ ತಾಯಿ ಅದನ್ನು ತಿದ್ದುತ್ತಾಳೆ, ಅದುವರೆಗೆ ಗೋಡೆ ಕಡೆ ತಿರುಗಿ ಮಲಗಿದ್ದ ಹುಡುಗಿ ಇತ್ತ ಹೊರಳುತ್ತಾಳೆ. ಸೊಸೆಯನ್ನು ಬೈಯುವ ಪದವೂ ಸೋಬಾನೆಯಲ್ಲಿದೆ, ಅತ್ತೆಯನ್ನು ಬೈಯುವ ಪದವೂ ಇದೆ. ನೇರ ಮಾತಿನಲ್ಲಿ ಆಡಲಾಗದ್ದನ್ನು ಹೆಂಗಸರು ಅದರೊಳಗೆ ಆಡಿಕೊಂಡೇ ಬಂದಿದ್ದಾರೆ. ಹಾಡುವಾಗ ಯಾರು ಸುಮ್ಮನಿದ್ದರು, ಯಾರು ಮಗುವನ್ನು ಮುಟ್ಟುತ್ತಲೇ ಇಲ್ಲ ಎಂಬುದು ಹಾಡುಗಾರ್ತಿಯ ಕಣ್ಣಿಗೆ ಬೀಳುತ್ತದೆ. ಅದನ್ನು ಅವಳು ಸಿಸ್ಟರ್ ಕಿವಿಗೆ ಹಾಕಬೇಕು. ಚಿಕಿತ್ಸೆ ಅವಳ ಕೆಲಸವಲ್ಲ, ಗಮನಿಸುವುದು ಅವಳ ಕೆಲಸ.

ಕಲೆಗೆ ನಮ್ಮಲ್ಲಿ ಬರವಿಲ್ಲ. ಸಂಗೀತಗಾರರ ಊರೆಂದೇ ಹೆಸರಾದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಬಯಲು ಸೀಮೆ ಕಡೆಯ ಮೂಡಲಪಾಯ, ಶೃಂಗೇರಿ ಕೊಪ್ಪದ ಯಕ್ಷಗಾನ, ತಾಳಮದ್ದಳೆ, ದೀಪಾವಳಿಯ ಅಂಟಿಗೆ-ಪಂಟಿಗೆ, ಮೂಡಿಗೆರೆ ಸಕಲೇಶಪುರದ ಸುಗ್ಗಿ ಕುಣಿತ, ಗಮಕಿಗಳು, ಊರೂರಿನ ಭಜನಾ ಮಂಡಳಿಗಳು. ಆಸ್ಪತ್ರೆಗಳೂ ಇವೆ. ಹಾಸನದಲ್ಲಿ 2006ರಿಂದ ಹಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಸಂಸ್ಥೆ ಇದೆ, ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ವೀರಗಾಸೆಯನ್ನು ತಂದು ವಾರ್ಡಿನಲ್ಲಿ ಕುಣಿಸಲಾಗುವುದಿಲ್ಲ. ಯಾವ ಕಲೆ ಯಾವ ಕೋಣೆಗೆ ಎಂಬುದನ್ನು ಅಲ್ಲಿ ಮಲಗಿರುವವರ ಮೈ ನೋಡಿ ತೀರ್ಮಾನಿಸಬೇಕು.

ಡಯಾಲಿಸಿಸ್ ಕೋಣೆಯನ್ನೇ ತೆಗೆದುಕೊಳ್ಳಿ. ವಾರಕ್ಕೆ ಎರಡು ಇಲ್ಲವೇ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಮಲೆನಾಡಿನ ಮೇಲಿನ ಊರುಗಳಿಂದ ಬರುವವರಿಗೆ ಬಸ್ಸಿನ ಹೊತ್ತೂ ಸೇರಿದರೆ ದಿನವೇ ಮುಗಿಯಿತು. ಸೂಜಿ ಚುಚ್ಚಿದ ಕೈ ಅಲ್ಲಾಡುವಂತಿಲ್ಲ. ಆದರೆ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾವನ್ನು ಸಾಮಾನ್ಯವಾಗಿ ಬಳಕೆ ಕಡಿಮೆ ಇರುವ ಕೈಯಲ್ಲಿ ಮಾಡುತ್ತಾರೆ. ಬಲಗೈಯವರಿಗೆ ಬಲಗೈ ಖಾಲಿ. ಅಂದರೆ ನಾಲ್ಕು ಗಂಟೆ ಒಂದು ಕೈ ಬಿಡುವಾಗಿದೆ, ತಲೆಯೂ ಎಚ್ಚರವಾಗಿದೆ. ಆ ಕೈಗೆ ನಾವು ಕೊಟ್ಟಿರುವುದು ಮೊಬೈಲು ಮಾತ್ರ. ಯಂತ್ರದ ಹತ್ತಿರ ನೀರಿನ ಬಣ್ಣ ಬೇಡ, ಚೆಲ್ಲಿದರೆ ಅಪಾಯ. ಪೆನ್ಸಿಲು, ಕ್ರೇಯಾನು, ಒರೆಸಿ ಶುಚಿ ಮಾಡಬಹುದಾದ ರಟ್ಟು, ಪ್ರತಿಯೊಬ್ಬರಿಗೂ ಬೇರೆ ಬೇರೆ ಪುಸ್ತಕ. ಚಿತ್ರ ಬರುವುದಿಲ್ಲ ಎನ್ನುವ ಹೆಂಗಸಿಗೆ ಚುಕ್ಕಿ ಇಟ್ಟು ಎಳೆ ಎಳೆಯುವುದು ಬರುತ್ತದೆ. ಗಂಡಸರಿಗೆ ತೋಟದ ನಕ್ಷೆ ಬರುತ್ತದೆ: ಇಲ್ಲಿ ಕೆರೆ, ಇಲ್ಲಿ ಪಂಪ್‌ಸೆಟ್ಟು, ಇದು ಅಣ್ಣನ ಪಾಲಿಗೆ ಹೋದ ಭಾಗ. ನಕ್ಷೆ ಬರೆಯುತ್ತಾ ಅವನು ಕಾಯಿಲೆ ಬಂದ ಮೇಲೆ ತೋಟಕ್ಕೆ ಇಳಿಯಲಾಗದ ಸಂಕಟವನ್ನು ಹೇಳುತ್ತಾನೆ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರ್ ಹೇಳಿದ್ದನ್ನು ಯಾಕೆ ಪಾಲಿಸಲಾಗುತ್ತಿಲ್ಲ ಎಂಬುದೂ ಅದೇ ಮಾತಿನಲ್ಲಿ ಹೊರಬರಬಹುದು. ತಾಳಮದ್ದಳೆಯ ಅರ್ಥಧಾರಿ ಒಬ್ಬರು ಮದ್ದಳೆ ಇಲ್ಲದೆ, ತಗ್ಗಿದ ದನಿಯಲ್ಲಿ ಕರ್ಣನಾಗಿ ಮಾತಿಗೆ ಕೂತರೆ ಎದುರಿನ ಹಾಸಿಗೆಯಿಂದ ಕೃಷ್ಣ ಉತ್ತರ ಕೊಡುವ ಕೋಣೆ ಅದು. ವೇಷ ಬೇಡ, ರಂಗ ಬೇಡ, ಕೂತೇ ಮಾಡುವ ಕಲೆ.

ಕಾಫಿ ತೋಟದ ಲೈನ್ ಮನೆಗಳಿಂದ ಬರುವವರ ಕಷ್ಟ ಬೇರೆ. ಕೊಯ್ಲಿನ ಕಾಲಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಕನ್ನಡ ಇಲ್ಲ, ಡಾಕ್ಟರ್‌ಗೆ ಅವರ ಭಾಷೆ ಇಲ್ಲ. ಮೇಸ್ತ್ರಿ ನಡುವೆ ನಿಂತು ಹೇಳಿದ್ದೇ ರೋಗದ ವಿವರ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಹತ್ತಿರ ಎಚ್‌ಐವಿ ಇದ್ದ ಹೆಂಗಸರ ಜೊತೆ ಕಲಾವಿದರು 2000ದ ದಶಕದ ಆರಂಭದಲ್ಲಿ ಒಂದು ವಿಧಾನ ಬಳಸಿದರು. ದೊಡ್ಡ ಹಾಳೆಯ ಮೇಲೆ ಮಲಗಿ ಮೈಯ ಸುತ್ತ ಗೆರೆ ಎಳೆಸಿಕೊಳ್ಳುವುದು, ಆಮೇಲೆ ಆ ಗೆರೆಯೊಳಗೆ ನೋವು, ಗಾಯ, ಭಯ, ಧೈರ್ಯ ಎಲ್ಲೆಲ್ಲಿವೆ ಎಂದು ಬಣ್ಣದಲ್ಲಿ ತುಂಬುವುದು. ಬೆನ್ನಿನ ಮೇಲೆ ಮೂಟೆಯ ಗುರುತು ಹಾಕಲು ಯಾವ ಭಾಷೆಯೂ ಬೇಕಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಆನೆ ದಾಳಿಯ ಊರುಗಳಲ್ಲಿ ಕಣ್ಣೆದುರೇ ಮನೆಯವರನ್ನು ಕಳೆದುಕೊಂಡವರಿಗೂ ಇದು ಹೊಂದುತ್ತದೆ. ಪರಿಹಾರದ ಚೆಕ್ಕು ಬಂದ ಮೇಲೆ ಅವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೊರಗೆ ಬೆಂಚಿನ ಮೇಲೆ ಕಾಯುವ ಹೊತ್ತು ಸುಮ್ಮನೆ ಹೋಗುತ್ತದೆ. ಕಲಾವಿದರಿಗೆ ಹೇಳಿ ಮಾಡಿಸಿದ ಹೊತ್ತು ಅದು.

ಇನ್ನು ಆ ಹೃದಯಾಘಾತದ ಭಯ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆ ಮಟ್ಟದಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಯೋಜನೆ, ಆದರೆ ಜನ ಹೊತ್ತಿಗೆ ಸರಿಯಾಗಿ ತಲುಪಿದರೆ ಮಾತ್ರ. ಹೊತ್ತು ಎಲ್ಲಿ ಕಳೆದುಹೋಗುತ್ತದೆ ಎಂಬುದು ಮನೆಯೊಳಗಿನ ಕಥೆ. ಬ್ರೆಜಿಲ್‌ನ ಆಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ, ಪಶ್ಚಿಮ ಬಂಗಾಳದಲ್ಲಿ ಜನ ಸಂಸ್ಕೃತಿ ತಂಡ 1985ರಿಂದ ಹಳ್ಳಿಗಳಲ್ಲಿ ಆಡಿಕೊಂಡು ಬಂದಿರುವ ಫೋರಂ ಥಿಯೇಟರ್ ಇಲ್ಲಿಗೆ ಸರಿಹೋಗುತ್ತದೆ. ನಾಟಕವನ್ನು ಕೆಟ್ಟ ಕೊನೆಯವರೆಗೆ ಒಮ್ಮೆ ಆಡುತ್ತಾರೆ. ಎರಡನೇ ಸಲ ಆಡುವಾಗ ಪ್ರೇಕ್ಷಕರು ಎಲ್ಲಿ ಬೇಕಾದರೂ ನಿಲ್ಲಿಸಿ, ತಾವೇ ಆ ಪಾತ್ರವಾಗಿ ಕಥೆಯ ದಾರಿ ಬದಲಿಸಬಹುದು.

ಜಾವಗಲ್ ಕಡೆಯ ಒಂದು ಊರು ಎಂದಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆ. ಐವತ್ತರ ಯಜಮಾನನಿಗೆ ಎದೆಯುರಿ, ಬೆವರು. 'ಗ್ಯಾಸ್ಟ್ರಿಕ್ ಕಣೇ, ಜೀರಿಗೆ ನೀರು ಕೊಡು' ಎನ್ನುತ್ತಾನೆ. ಹೆಂಡತಿಗೆ ಅನುಮಾನ, ಆದರೆ ಅವನ ಮಾತು ಮೀರಿ ಅಕ್ಕಪಕ್ಕದವರನ್ನು ಎಬ್ಬಿಸಲು ಸಂಕೋಚ. ಮಗ ಬೆಂಗಳೂರಿನಲ್ಲಿ, ಫೋನ್ ಎತ್ತುತ್ತಿಲ್ಲ. ಬೆಳಗ್ಗೆ ನೋಡೋಣ ಎನ್ನುವಷ್ಟರಲ್ಲಿ ಮುಗಿಯಿತು. ಎರಡನೇ ಆಟದಲ್ಲಿ ಮುದುಕಿಯೊಬ್ಬಳು ಎದ್ದುಬಂದು ಹೆಂಡತಿಯ ಜಾಗದಲ್ಲಿ ನಿಂತು 'ನೀ ಬೈದ್ರೂ ಚಿಂತಿಲ್ಲ, ನಾನು 108ಕ್ಕೆ ಮಾಡೇ ಮಾಡ್ತೀನಿ' ಎಂದಳು ಎನ್ನಿ. ಗಂಡನ ಪಾತ್ರಧಾರಿ ಸುಲಭವಾಗಿ ಒಪ್ಪಬಾರದು, ಅವಳನ್ನು ಎದುರಿಸಬೇಕು. ಆಗ ಊರೇ ಚರ್ಚೆಗಿಳಿಯುತ್ತದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಯಾರ ಓಮ್ನಿ ಸಿಗುತ್ತದೆ, ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆ, ದುಡ್ಡು ಕಟ್ಟಬೇಕಾ? ಎದೆನೋವು ಬಂದರೆ ಆಸ್ಪತ್ರೆಗೆ ಹೋಗಿ ಎಂದು ಹಾಡಿ ಹೋಗುವ ನಾಟಕಕ್ಕೆ ಈ ಪ್ರಶ್ನೆಗಳು ಎಂದೂ ಎದುರಾಗುವುದಿಲ್ಲ.

ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವು. ಶಸ್ತ್ರಚಿಕಿತ್ಸೆಗೆ ಮುನ್ನ ಮಕ್ಕಳ ಜೊತೆ ವಿದೂಷಕರನ್ನು ಬಿಟ್ಟು ಇಟಲಿಯಲ್ಲಿ 40 ಮಕ್ಕಳ ಮೇಲೆ ಮಾಡಿದ ಅಧ್ಯಯನ 2005ರಲ್ಲಿ ಬಂತು. ವಿದೂಷಕರು ಜೊತೆಗಿದ್ದ ಮಕ್ಕಳ ಆತಂಕ ಕಡಿಮೆಯಿತ್ತು. ಮಕ್ಕಳಿಗೆ ಒಳ್ಳೆಯದೆಂದು ಸಿಬ್ಬಂದಿಯೂ ಒಪ್ಪಿದರು. ಆದರೂ ಹೆಚ್ಚಿನವರು, ನಮ್ಮ ಕೆಲಸಕ್ಕೆ ಅಡ್ಡಿಯಾಗುತ್ತದೆ, ಮುಂದುವರಿಸುವುದು ಬೇಡ ಎಂದರು. ಇದನ್ನು ಸಿಬ್ಬಂದಿಯ ಕಲ್ಲುಹೃದಯ ಎಂದು ತಳ್ಳಿಹಾಕುವುದು ಅನ್ಯಾಯ. ರೌಂಡ್ಸ್ ಯಾವಾಗ, ಡ್ರೆಸ್ಸಿಂಗ್ ಯಾವಾಗ, ಯಾವ ಹಾಸಿಗೆಯವರಿಗೆ ಇಂದು ಮಾತು ಬೇಡ ಎಂಬುದು ಸಿಸ್ಟರ್‌ಗೆ ಗೊತ್ತು. ಅವರನ್ನು ಕೇಳದೆ ರೂಪಿಸಿದ ಕಾರ್ಯಕ್ರಮ ಯಾವ ವಾರ್ಡಿನಲ್ಲೂ ಉಳಿಯುವುದಿಲ್ಲ, ಉಳಿಯಲೂ ಬಾರದು.

ಸೋಂಕಿನ ಲೆಕ್ಕ ಇನ್ನೂ ಕಟ್ಟುನಿಟ್ಟು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ನಡೆದ ಒಂದು ವೃಂದಗಾನದ ಅಭ್ಯಾಸಕ್ಕೆ 61 ಮಂದಿ ಬಂದಿದ್ದರು. ಅವರಲ್ಲಿ ಸೋಂಕಿದ್ದ ಒಬ್ಬರೂ ಸೇರಿ 53 ಮಂದಿಯನ್ನು ಕೋವಿಡ್ ಪ್ರಕರಣಗಳೆಂದು ಗುರುತಿಸಿದರು, ಇಬ್ಬರು ತೀರಿಕೊಂಡರು. ಬಾಯಿ ತೆರೆದು ಹಾಡುವಾಗ ಉಸಿರಿನ ಹನಿಗಳು ಮಾತಿಗಿಂತ ಹೆಚ್ಚು ಹೊರಬೀಳುತ್ತವೆ. ಕ್ಷಯದ ವಾರ್ಡಿನಲ್ಲಿ ಗುಂಪು ಹಾಡು ಬೇಡವೇ ಬೇಡ, ಅಲ್ಲಿ ಚಿತ್ರ, ಬರಹ.

ಫೋಟೊದ ಬಗ್ಗೆ ನನಗೆ ಹೆಚ್ಚು ಆತಂಕ. ನಮ್ಮಲ್ಲಿ ಏನೇ ಒಳ್ಳೆಯದು ನಡೆದರೂ ಮೊದಲು ಗುಂಪಿಗೆ ಫೋಟೊ ಹೋಗಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಕಾನೂನು ಹೇಳದಿದ್ದರೂ, ಒಂದು ತಾಲ್ಲೂಕಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮದುವೆಯಾಗಬೇಕಾದ ಹುಡುಗಿ ಮನೋವೈದ್ಯರ ಬಾಗಿಲಲ್ಲಿ ಕೂತು ಚಿತ್ರ ಬರೆಯುವ ಫೋಟೊ ಊರಿಗೆ ತಲುಪಿದರೆ, ಚಿತ್ರದಿಂದ ಆದ ಸಮಾಧಾನವೆಲ್ಲ ನೀರಿನಲ್ಲಿ ಹೋಮ. ರೋಗಿ ಬರೆದದ್ದು, ಹಾಡಿದ್ದು ರೋಗಿಯದು. ಅದನ್ನು ಪ್ರದರ್ಶಿಸುವುದೋ ಹರಿದುಹಾಕುವುದೋ ಅವರೇ ಹೇಳಬೇಕು.

ನರ್ಸ್‌ಗಳೇ ಸಾಲದಿರುವಾಗ ಕಲಾವಿದರಿಗೆ ದುಡ್ಡೆಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ನರ್ಸ್ ಹುದ್ದೆ, ಔಷಧದ ಬಾಬ್ತು ಮುಟ್ಟಬೇಡಿ. ಈಗ ಬೀದಿ ನಾಟಕಕ್ಕೆ, ಫ್ಲೆಕ್ಸಿಗೆ ಕೊಡುತ್ತಿರುವ ಪ್ರಚಾರದ ಹಣದಲ್ಲಿ ಒಂದು ಪಾಲನ್ನು ಇತ್ತ ತಿರುಗಿಸಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಮನಸ್ಸು ಮಾಡಬಹುದು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೈಜೋಡಿಸಬಹುದು. ಆದರೆ ಪುಕ್ಕಟೆ ಸೇವೆ ಎಂದು ಮಾತ್ರ ಕರೆಯಬಾರದು. ಮಾಸಾಶನಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಲಾವಿದರಿಗೆ ಇನ್ನೊಂದು ಸೇವೆಯ ಹೊರೆ ಹೊರಿಸುವುದು ತಪ್ಪು. ಬಸ್ ಚಾರ್ಜು, ದಿನದ ಸಂಭಾವನೆ, ವಾರ್ಡಿನ ಶಿಸ್ತು ಕಲಿಸುವ ತರಬೇತಿ ಬೇಕು. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಕಳೆದ ವಾರ ಜೊತೆಗೆ ಹಾಡಿದವರ ಹಾಸಿಗೆ ಈ ವಾರ ಖಾಲಿಯಾಗಿದ್ದರೆ, ಆ ದುಃಖ ಹೇಳಿಕೊಳ್ಳಲು ಕಲಾವಿದರಿಗೂ ಒಬ್ಬ ಆಪ್ತಸಮಾಲೋಚಕರು ಬೇಕು.

ವೈದ್ಯ ವಿದ್ಯಾರ್ಥಿಗಳೂ ಇದರೊಳಗೆ ಬರಲಿ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡತೆ, ನೀತಿ, ರೋಗಿಯ ಜೊತೆ ಮಾತಾಡುವ ರೀತಿ ಕಲಿಸುವ ಎಟ್‌ಕಾಮ್ ಎಂಬ ಭಾಗ ಕಡ್ಡಾಯವಾಗಿದೆ. ಅದನ್ನು ಸ್ಲೈಡ್ ತೋರಿಸಿ ಮುಗಿಸುವ ಬದಲು, ಡಯಾಲಿಸಿಸ್ ಕೋಣೆಯಲ್ಲಿ ಆ ತೋಟದ ನಕ್ಷೆ ಬರೆಯುವವನ ಪಕ್ಕ ಒಂದು ಮಧ್ಯಾಹ್ನ ಕೂರಿಸಬಹುದು. ಕೇಸ್ ಶೀಟಿನಲ್ಲಿ ಇಲ್ಲದ ಎಷ್ಟೋ ಸಂಗತಿ ಅಲ್ಲಿ ಸಿಗುತ್ತದೆ.

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಶುರುಮಾಡಲು ದೊಡ್ಡ ಯೋಜನೆ, ಉದ್ಘಾಟನೆ, ಶಂಕುಸ್ಥಾಪನೆ ಏನೂ ಬೇಡ. ಒಂದು ವಾರ್ಡು ಸಾಕು, ಬಾಣಂತಿಯರದ್ದಾದರೆ ಒಳ್ಳೆಯದು. ಹಾಡುಗಾರ್ತಿಯನ್ನು ಆ ವಾರ್ಡಿನ ಸಿಸ್ಟರ್‌ಗಳೇ ಆರಿಸಲಿ. ಆರು ತಿಂಗಳು, ವಾರಕ್ಕೆ ಎರಡು ಮಧ್ಯಾಹ್ನ. ತಾಯಂದಿರ ಮನಸ್ಥಿತಿ ಅಳೆಯುವ ಎಡಿನ್‌ಬರೋ ಪ್ರಶ್ನಾವಳಿ 1987ರಿಂದ ಬಳಕೆಯಲ್ಲಿದೆ, ಬರೀ ಹತ್ತು ಪ್ರಶ್ನೆ. ಹಾಡಿಗೆ ಕೂತವರನ್ನೂ ಕೂರದವರನ್ನೂ ಡಿಸ್ಚಾರ್ಜ್ ಆಗುವಾಗ ಒಮ್ಮೆ, ಮಗುವಿನ ಲಸಿಕೆಗೆ ಬಂದಾಗ ಇನ್ನೊಮ್ಮೆ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಹೆಚ್ಚು ಅಂಕ ಬಂದವರನ್ನು ಅದೇ ದಿನ ಮನೋವೈದ್ಯರ ಹತ್ತಿರ ಕಳಿಸಲಿ. ಆರು ತಿಂಗಳ ನಂತರ ಆ ಪುಸ್ತಕವನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದಿಟ್ಟು, ಮುಂದುವರಿಸಬೇಕೋ ಬೇಡವೋ ಎಂದು ಮೊದಲು ಸಿಸ್ಟರ್‌ಗಳನ್ನು ಕೇಳಲಿ.